ಗಂಡುದನಿಗಳ ಟೀಚರ್

ಕೋಪ ಬಂದಾಗ ಟೀಚರ್‌ಗೆ ಮೊದಲು ಕೆಂಪಾಗುತ್ತಿದ್ದುದು ಕಿವಿ. ಓಲೆಯಿಲ್ಲದ, ತೂತು ಜೋತುಬಿದ್ದ ಆ ದೊಡ್ಡ ಕಿವಿಗಳು ತುದಿಯಿಂದ ರಂಗೇರಿಕೊಂಡು ಕೆಳಗಿಳಿಯುತ್ತಿದ್ದವು; ಆಮೇಲೆ ಬಾಯಿ ತೆರೆಯುತ್ತಿತ್ತು. ದುಬೈಯ ಸತ್ವಾ ಬಡಾವಣೆಯಲ್ಲಿ ನಾಲ್ಕೈದು ಸಂಸಾರಗಳು ಹಂಚಿಕೊಂಡಿದ್ದ ಹಳೆಯ ವಿಲ್ಲಾದ ಮುಂಗೋಣೆ ಅವರದು. ಶುಕ್ರವಾರ ಬೆಳಿಗ್ಗೆ ಅಲ್ಲಿ ನಾವು ಹನ್ನೆರಡು ಹದಿಮೂರು ಗಂಡಸರು ಆ ಕಿವಿಗಳನ್ನೇ ನೋಡುತ್ತ ಹಾಡುತ್ತಿದ್ದೆವು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಈಗ ನೆನೆದರೂ ಮನಸ್ಸು ಮೆತ್ತಗಾಗುವುದಿಲ್ಲ.

ಮಂಗಳೂರಿನವರು, ಒಂಟಿ ಹೆಂಗಸು, ದುಬೈಯ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದರು. ಮೊದಲು ನಡೆಸುತ್ತಿದ್ದ ಕಾಯರ್‌ನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಎಲ್ಲರ ಜೊತೆ ಜಗಳವಾಡಿ ಹೊರಬಂದು, ಗಂಡಸರದೇ ಒಂದನ್ನು ಕಟ್ಟಿದ್ದರು. "ಹೆಂಗಸರು ತಿರುಗಿ ಮಾತಾಡ್ತಾರೆ. ನಿಮಗೆ ಆ ಧೈರ್ಯ ಇಲ್ಲ" ಎಂದು ನಮ್ಮೆದುರೇ ಹೇಳುತ್ತಿದ್ದರು. ಮೊದಲ ದಿನ ನನ್ನ ದನಿ ಕೇಳಿ, "ಗಂಟಲಲ್ಲಿ ಎಂತ ಇಟ್ಟುಕೊಂಡಿದ್ದಿ, ಬಿಸಿ ಬಟಾಟೆಯಾ? ಹೋಗು, ಹಿಂದೆ ಬೇಸ್‌ನವರ ಸಾಲಲ್ಲಿ ನಿಲ್ಲು" ಎಂದರು. ಕೆಳದನಿಯವರ ಆ ಸಾಲಿನಲ್ಲಿ ನಿಂತೆ.

ಅಮೆರಿಕದ ಜನಪದ ಹಾಡುಗಳು, ಅಲ್ಲಿನ ಕಪ್ಪು ಜನ ಗುಲಾಮಗಿರಿಯಲ್ಲಿ ಕಟ್ಟಿದ ದೇವರ ಹಾಡುಗಳು ಟೀಚರ್‌ಗೆ ಜೀವ. ಈ ಎರಡನೆಯದಕ್ಕೆ ಸ್ಪಿರಿಚುವಲ್ ಎನ್ನುತ್ತಾರೆ. ಗಂಡುದನಿಗಳಿಗೆ ಹೊಂದಿಸಿದ ಇಂಥ ಹಾಡುಗಳನ್ನು ಇಂಟರ್ನೆಟ್‌ನಲ್ಲಿ ಹುಡುಕಿ ತರುವ ಕೆಲಸ ನನ್ನದು, ತಿರಸ್ಕರಿಸುವ ಕೆಲಸ ಅವರದು. ಚಪ್ಪಾಳೆ, ಓಲಾಟ, ಕೊನೆಯಲ್ಲಿ ಆಕಾಶಕ್ಕೇರುವ ಸ್ವರ ಇರುವಂಥದ್ದೇ ನನಗಿಷ್ಟ. "ಈ ಮೇಲಿನ ಟೆನರ್ ಯಾರು ಹಾಡುವುದು? ನಿನ್ನ ಅಪ್ಪನಾ?" ಎಂದು ಅವರು ಹಾಳೆಯನ್ನು ನೆಲಕ್ಕೆ ಬಿಡುತ್ತಿದ್ದರು. ನಮ್ಮಲ್ಲಿ ನಿಜವಾದ ಟೆನರ್‌ಗಳು, ಅಂದರೆ ಮೇಲುದನಿಯವರು, ಇಬ್ಬರೇ; ಉಳಿದವರು ಮೇಲೆ ಹೋದರೆ ಕಿರುಚುತ್ತಿದ್ದರು. ಹಾಗಾಗಿ ಎಲ್ಲರೂ ಒಂದೇ ದನಿಯಲ್ಲಿ ಶುರುಮಾಡಿ ನಿಧಾನಕ್ಕೆ ಕವಲಾಗುವ, ರಾಗವನ್ನು ಕೆಳದನಿಗಳೇ ಹೊತ್ತು ನಡೆಯುವ ಸರಳ ಹಾಡುಗಳನ್ನೇ ಆರಿಸುತ್ತಿದ್ದರು. ಹಡಗಿನ ಹಗ್ಗ ಎಳೆಯುವವರ ಹಾಡೊಂದು. ಬೆಟ್ಟದ ಕಡೆಯ ಒಂದು ಜೋಗುಳ. ಗಡ್ಡ ಮೀಸೆಯ ನಾವೆಲ್ಲ ಅದನ್ನು ಹಾಡುವಾಗ ಪಕ್ಕದ ಕೋಣೆಯ ಮಗು ನಿದ್ದೆಹೋಗಿತ್ತು ಎಂಬುದನ್ನು ನಾನು ಅಲ್ಲಗಳೆಯಲಾರೆ.

ಸ್ಪಿರಿಚುವಲ್ ತಂದರಂತೂ ವಿಚಾರಣೆಯೇ. ಒಮ್ಮೆ ಒಂದನ್ನು ಓದುತ್ತಲೇ ಕಿವಿ ರಂಗೇರಿತು. "ಅವರ ಇಂಗ್ಲಿಷನ್ನು ಸೊಟ್ಟ ಮಾಡಿ, ನಗಿಸ್ಲಿಕ್ಕೆ ಬರೆದದ್ದು ಇದು. ಅತ್ತುಕೊಂಡು ಕಟ್ಟಿದ ಹಾಡು ಮಾರಾಯ. ನನ್ನ ಕೋಣೆಗೆ ಇಂಥದ್ದು ತರಬೇಡ." ಹರಿದೇ ಹಾಕಿದರು. ನನ್ನ ಎರಡು ವಾರದ ಹುಡುಕಾಟ ಕಸದ ಬುಟ್ಟಿಗೆ ಹೋಯಿತು.

ನಮ್ಮ ಬೇಸ್ ಸಾಲಿನ ಬೆನ್ನೆಲುಬು ಕುಂದಾಪುರ ಕಡೆಯ ಒಬ್ಬ ವೆಲ್ಡರ್. ಅಬುಧಾಬಿಯ ಮುಸಫ್ಫಾದಲ್ಲಿ ಕೆಲಸ. ವಾರದ ಒಂದೇ ರಜೆಯನ್ನು ಬಸ್ಸಿನಲ್ಲಿ ಕಳೆದು ಹಾಡಲು ಬರುತ್ತಿದ್ದ. ಅವನ ಮೂಲಕವೇ ಅವನ ಕಂಪನಿಯ ಮ್ಯಾನೇಜರ್ ನಮ್ಮನ್ನು ತಮ್ಮ ವಾರ್ಷಿಕ ಔತಣಕ್ಕೆ ಕರೆಸಿದ. ಅಬುಧಾಬಿಯ ದೊಡ್ಡ ಹೋಟೆಲು, ನಮಗೆ ಸಿಕ್ಕ ಮೊದಲ ದೊಡ್ಡ ವೇದಿಕೆ. ಅಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ನೋಡಿದರೆ ಮೇಜಿನ ಮೇಲೆ ಹುಲ್ಲಿನ ಟೋಪಿಗಳು, ತೇಪೆ ಹಚ್ಚಿದ ಚಡ್ಡಿಗಳು, ಮುಖಕ್ಕೆ ಬಳಿಯಲು ಕಪ್ಪು ಬಣ್ಣ.

"ಏನ್ ಮೇಡಂ, ಗುಲಾಮರ ಹಾಡಲ್ವಾ? ಆ ಲುಕ್ ಬೇಕು. ಜಸ್ಟ್ ತಮಾಷೆಗೆ" ಎಂದ ಮ್ಯಾನೇಜರ್. ಬೆಂಗಳೂರಿನವನು.

"ತಮಾಷೆ ಬೇಕಿದ್ದರೆ ನೀನೇ ಬಳಿದುಕೊಂಡು ಹೋಗಿ ಕುಣಿ. ನಮ್ಮದು ಖಲಾಸ್!"

ಬಾಗಿಲ ಬಳಿಯಿದ್ದ ಅತಿಥಿಗಳು ಕೇಳಿಸಿಕೊಂಡು ನಕ್ಕರು. ಮ್ಯಾನೇಜರನ ಮುಖ ಇಳಿಯಿತು. ಟೀಚರ್ ನಮ್ಮತ್ತ ತಿರುಗಿ "ನಡೀರಿ" ಎಂದರು. ಯಾರನ್ನೂ ಕೇಳಲಿಲ್ಲ. ವೆಲ್ಡರ್ ಒಮ್ಮೆ ಮ್ಯಾನೇಜರನನ್ನು ನೋಡಿದ, ಒಮ್ಮೆ ಟೀಚರನ್ನು. ಆಮೇಲೆ ನಮ್ಮ ಹಿಂದೆ ಬಂದ.

ಮುಂದಿನ ಶುಕ್ರವಾರ ಅವನು ಬರಲಿಲ್ಲ. ಫೋನ್ ಮಾಡಿದೆ. "ಎಂತ ಮಾಡುದ್ ಮಾರಾಯ್ರೆ, ಹಾಡೂ ಹೋಯ್ತ್, ಕೆಲ್ಸವೂ ಹೋಯ್ತ್" ಎಂದ. ವೀಸಾ ರದ್ದು ಮಾಡುವುದಲ್ಲದೆ ಬ್ಯಾನ್ ಕೂಡ ಹಾಕಿಸುತ್ತೇನೆಂದು ಮ್ಯಾನೇಜರ್ ಹೇಳಿದ್ದನಂತೆ. ಹಾಗಾದರೆ ಬೇರೆ ಕಂಪನಿಗೆ ಸೇರುವಂತಿಲ್ಲ. ಊರಿಗೆ ಹೋಗಬೇಕು, ಅಷ್ಟೆ.

ಎಲ್ಲರೆದುರೇ ಟೀಚರ್ ಮೇಲೆ ಹರಿಹಾಯ್ದೆ. "ನಿಮ್ಮ ಮರ್ಯಾದೆಗೆ ಅವನ ಅನ್ನ ಹೋಯ್ತು."

"ನನ್ನ ಮರ್ಯಾದೆಗಲ್ಲ. ಆ ಹಾಡು ಕಟ್ಟಿದವರಿಗೆ ಎದ್ದು ಹೋಗುವ ದಾರಿ ಇರಲಿಲ್ಲ. ನಮಗಿತ್ತು."

"ಅವನಿಗೂ ಇರಲಿಲ್ಲ ಟೀಚರ್. ನೀವು ಕೇಳ್ಲೇ ಇಲ್ಲ."

ಅವರು ಪಿಯಾನೋದ ಮುಚ್ಚಳ ಮುಚ್ಚಿ ಎದ್ದರು. "ನಿನ್ನ ಕಾರು ಉಂಟಲ್ಲ? ನನ್ನನ್ನು ಮುಸಫ್ಫಾಕ್ಕೆ ಕರಕೊಂಡು ಹೋಗು" ಎಂದರು.

ನಾನು ರಜೆ ಹಾಕಿ ಕರೆದೊಯ್ದೆ. ಮ್ಯಾನೇಜರ್ ಅವರನ್ನು ವರ್ಕ್‌ಶಾಪಿನ ಪಕ್ಕದ ತಗಡಿನ ಕೋಣೆಯಲ್ಲಿ, ಗ್ರೈಂಡರುಗಳ ಕರ್ಕಶದ ನಡುವೆ, ಮಧ್ಯಾಹ್ನದವರೆಗೆ ಕೂರಿಸಿದ. ಆಮೇಲೆ ಆಫೀಸಿನವರನ್ನೆಲ್ಲ ಕರೆದು ನಿಲ್ಲಿಸಿ, "ಸಾರಿ ಹೇಳಿ ಮೇಡಂ, ಎಲ್ರಿಗೂ ಕೇಳೋ ಹಾಗೆ" ಎಂದ. ಟೀಚರ್ ಹೇಳಿದರು. "ಕೇಳಿಸ್ಲಿಲ್ಲ." ಮತ್ತೆ ಹೇಳಿದರು, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಹುಡುಗಿಯಂತೆ, ಸ್ಪಷ್ಟವಾಗಿ. ಅವರ ಕಿವಿ ಕೆಂಪಾಗಲಿಲ್ಲ. ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ಹೊತ್ತಿನಲ್ಲಿ ಆ ಮ್ಯಾನೇಜರನ ಕಪಾಳಕ್ಕೆ ಬಾರಿಸದೆ ಹೇಗೆ ನಿಂತಿದ್ದೆನೋ ತಿಳಿಯದು.

ಕೆಲಸ ವಾಪಸು ಸಿಗಲಿಲ್ಲ. ಬ್ಯಾನ್ ಮಾತ್ರ ತಪ್ಪಿತು. ವೆಲ್ಡರ್‌ಗೆ ಶಾರ್ಜಾದ ವರ್ಕ್‌ಶಾಪೊಂದರಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ, ಕೆಲಸ ಸಿಕ್ಕಿತು.

ಅಂದು ಟೀಚರನ್ನು ದುಬೈಗೆ ಮರಳಿ ಕರೆತಂದೆ. ವಿಲ್ಲಾದೆದುರು ಇಳಿದು ಕಾರಿನ ಬಾಗಿಲು ಹಿಡಿದುಕೊಂಡು, "ಈ ಶುಕ್ರವಾರದಿಂದ ನೀನು ಬರಬೇಡ" ಎಂದರು.

"ಯಾಕೆ? ನಾನು ಎಂತ ಮಾಡಿದೆ?"

"ನೀನು ನೋಡಿದಿ."

ಬಾಗಿಲು ಬಡಿದು ಒಳಗೆ ಹೋದರು. ಆಮೇಲೆ ಒಮ್ಮೆ ಅಂಗಡಿಯಲ್ಲಿ ಎದುರಾದಾಗ ನನ್ನನ್ನು ಗೋಡೆಯಂತೆ ದಾಟಿಹೋದರು. ನಾನೂ ನಮಸ್ಕರಿಸಲಿಲ್ಲ. ನಿವೃತ್ತರಾಗಿ ಮಂಗಳೂರಿಗೆ ಮರಳಿದ ಎರಡೇ ವರ್ಷಕ್ಕೆ ತೀರಿಕೊಂಡರು. ಸುದ್ದಿ ಹೇಳಿದವನು ವೆಲ್ಡರ್. ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಜಗಳ ಮುಗಿಸದೆ ಹೋಗಿಬಿಟ್ಟರಲ್ಲ ಎಂದು.

ಈಗ ನಾವು ಉಳಿದ ಏಳೆಂಟು ಜನ ಸೇರಿ ಹಾಡುತ್ತೇವೆ. ಹಾಡು ಆರಿಸುವವನು ನಾನು. ಆರಿಸುವುದು ಅವರ ಹಾಗೆಯೇ. ಅದನ್ನು ಅವರೇ ಬೈದು ಬೈದು ಕಲಿಸಿದರು. ಆದರೆ ವೇದಿಕೆ ಒಪ್ಪಿಕೊಳ್ಳುವ ಮೊದಲು, ನಿರಾಕರಿಸುವ ಮೊದಲು, ಒಬ್ಬೊಬ್ಬರನ್ನೂ ಕೇಳುತ್ತೇನೆ. ಮೊನ್ನೆ ಒಳ್ಳೆಯ ಅವಕಾಶವೊಂದು ಬಂದಿತ್ತು. ಮುಹೈಸ್ನಾದ ಲೇಬರ್ ಕ್ಯಾಂಪಿನಿಂದ ಬರುವ ಡ್ರೈವರ್ ಒಬ್ಬ, "ಬೇಡ ಅಣ್ಣ, ಅಲ್ಲಿ ನಮ್ಮ ಸಾಹೇಬ ಇರ್ತಾನೆ" ಎಂದ. ನಾವು ಹೋಗಲಿಲ್ಲ.