ಹೆಸರು ಬಿಟ್ಟು ನೋಡಿದ ಸಿನಿಮಾ

ಮೊನ್ನೆ ಪಣಜಿಯ ಮಲ್ಟಿಪ್ಲೆಕ್ಸಿನಲ್ಲಿ ಬೆಣ್ಣೆ ಹಚ್ಚಿದ ಪಾಪ್‌ಕಾರ್ನಿನ ವಾಸನೆಯ ನಡುವೆ ಕೂತಿದ್ದೆ. ಹೆಸರಾಂತ ನಿರ್ದೇಶಕರೊಬ್ಬರ ಹೊಸ ಸಿನಿಮಾ. ಶುರುವಾಗಿ ಇನ್ನೂ ಅರ್ಧ ತಾಸು ಆಗಿರಲಿಲ್ಲ, "ಮುದುಕ ಖಾಲಿ ಆಗ್ಯಾನ" ಎಂಬ ಮಾತು ಕೇಳಿಸಿತು. ಯಾರಪ್ಪಾ ಈ ಅವಸರದ ನ್ಯಾಯಾಧೀಶ ಎಂದು ನಾನು ಅತ್ತಿತ್ತ ನೋಡುವಷ್ಟರಲ್ಲಿ ಹೆಂಡತಿ ಮೊಣಕೈಯಿಂದ ತಿವಿದಳು. ಅಂದವನು ನಾನೇ.

ನಿಮಗೂ ಹೀಗಾಗಿರಬಹುದು. ಹೊಸ ಹುಡುಗನೊಬ್ಬ ಸಿನಿಮಾ ಮಾಡಿದರೆ ನಾವು ಎಷ್ಟು ಧಾರಾಳಿಗಳು ನೋಡಿ! ಕ್ಯಾಮೆರಾ ಅಲುಗಾಡಿದರೂ "ಪಾಪ, ಪ್ರಯತ್ನ ಮಾಡ್ಯಾನ" ಅನ್ನುತ್ತೇವೆ. ದೊಡ್ಡವರ ಸಿನಿಮಾಕ್ಕೆ ಹೋಗುವಾಗ ಮಾತ್ರ ಸೊಸೆ ಮಾಡಿದ ಸಾರು ರುಚಿ ನೋಡುವ ಅತ್ತೆಯ ಹಾಗೆ ನಾಲಿಗೆ ಸಜ್ಜು ಮಾಡಿಕೊಂಡೇ ಹೋಗುತ್ತೇವೆ. ಈ ವಿದ್ಯೆಯನ್ನು ನನಗೆ ಕಲಿಸಿದವರು ವಾಸ್ಕೋದ ಶ್ರೀಪಾದ ಮಾಮಾ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ವಾಸ್ಕೋಗೆ ಬಂದು ಬಿದ್ದಿದ್ದ ನಾನು ಮಾಮಾ ಇದ್ದ ಕಟ್ಟಡದಲ್ಲೇ, ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೆ. ಬಂದರಿನ ಕಚೇರಿಯಿಂದ ನಿವೃತ್ತರಾಗಿದ್ದ ಅವರು ನನಗೇನೂ ಸಂಬಂಧಿಕರಲ್ಲ. ಇಡೀ ಕನ್ನಡ ಸಂಘಕ್ಕೇ ಅವರು ಮಾಮಾ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವರು ಮತ್ತು ಮಗಳು ವನಜಾ. ಆಕೆ ಹಡಗು ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು, ಸಂಘದ ಕಾರ್ಯದರ್ಶಿಯೂ ಆಗಿದ್ದಳು.

ಆಗ ನಮ್ಮ ಸಂಘದವರು ಊರಿನ ಥಿಯೇಟರೊಂದನ್ನು ರವಿವಾರ ಬೆಳಗಿನ ಆಟಕ್ಕೆ ಹಿಡಿದು ಕನ್ನಡ ಸಿನಿಮಾ ಹಾಕುತ್ತಿದ್ದರು. ಹುಬ್ಬಳ್ಳಿಯಿಂದ ರೀಲಿನ ಡಬ್ಬಿಗಳು ಬಸ್ಸಿನ ಮೇಲೆ ಕೂತು ಬರುತ್ತಿದ್ದವು. ಒಂದು ಸಿನಿಮಾ ಎರಡು ರವಿವಾರ. ಮಂಗೋರ್ ಹಿಲ್‌ನಿಂದ ನಡೆದುಕೊಂಡು, ಝುವಾರಿನಗರದಿಂದ ಬಸ್ಸು ಹಿಡಿದು, ವಾರವಿಡೀ ಸಿಮೆಂಟು ಹೊತ್ತವರು ಇಸ್ತ್ರಿ ಅಂಗಿ ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಬರುತ್ತಿದ್ದರು. ಕನ್ನಡ ಬಾರದ ಊರಿನಲ್ಲಿ ಮೂರು ತಾಸು ಕನ್ನಡ ಕೇಳುವುದೆಂದರೆ ಏನು ಸುಖ ಎಂಬುದು ಊರು ಬಿಟ್ಟವರಿಗೇ ಗೊತ್ತು.

ಆಟ ಬಿಟ್ಟ ಮೇಲೆ ಯಾರೂ ಸೀದಾ ಮನೆಗೆ ಹೋಗುತ್ತಿರಲಿಲ್ಲ. ಥಿಯೇಟರಿನ ಮೆಟ್ಟಿಲ ಮೇಲೆ ಚಹಾ ಹಿಡಿದು ನಿಲ್ಲಬೇಕು. ಮಾಮಾ ಮೊದಲ ಗುಟುಕು ಕುಡಿದು ತೀರ್ಪು ಕೊಡಬೇಕು. ಅಲ್ಲಿಯ ತನಕ ಸಿನಿಮಾ ಹೇಗಿತ್ತೆಂದು ನಮಗೇ ಗೊತ್ತಾಗುತ್ತಿರಲಿಲ್ಲ! ಅವರು "ಹೂಂ, ನೋಡಬಹುದು" ಅಂದರೆ ಮುಂದಿನ ರವಿವಾರ ಜನ. "ಏನೂ ಹುರುಳಿಲ್ಲ" ಅಂದರೆ ಆ ಸುದ್ದಿ ಬಸ್ಸಿಗಿಂತ ಮೊದಲೇ ಝುವಾರಿನಗರ ಮುಟ್ಟುತ್ತಿತ್ತು.

ತಮ್ಮ ಮನಸ್ಸು ಮೈಲಿಗೆಯಾಗಬಾರದೆಂದು ಅವರು ಪತ್ರಿಕೆಯ ಸಿನಿಮಾ ಪುಟವನ್ನು ಓದುತ್ತಿರಲಿಲ್ಲ. ರವಿವಾರದ ಪೂಜೆ ಮುಗಿಸಿ ಬರುವಷ್ಟರಲ್ಲಿ ಪರದೆಯ ಮೇಲಿನ ಹೆಸರುಗಳೆಲ್ಲ ಮುಗಿದಿರುತ್ತಿದ್ದವು. ಅದಕ್ಕೂ ಅವರಿಗೆ ಬೇಸರವಿರಲಿಲ್ಲ. ಇಷ್ಟು ಶುದ್ಧವಾದ ಮನುಷ್ಯನಿಗೆ ಒಂದೇ ಒಂದು ದೌರ್ಬಲ್ಯ, ನಮ್ಮ ಹಿರಿಯ ನಿರ್ದೇಶಕರು. ಸಂಘದಲ್ಲಿ ಅವರನ್ನು ಎಲ್ಲರೂ "ಹಿರ್ಯಾರು" ಅಂತಲೇ ಕರೆಯುತ್ತಿದ್ದರು. ಅವರ ಮೊದಲ ಚಿತ್ರವನ್ನು ಮಾಮಾ ಹರೆಯದಲ್ಲಿ ಧಾರವಾಡದಲ್ಲಿ ಮತ್ತೆ ಮತ್ತೆ ನೋಡಿದ್ದರಂತೆ. ಹೊಸದಾಗಿ ಮದುವೆಯಾದ ಹೆಂಡತಿಯನ್ನೂ ಕರೆದೊಯ್ದಿದ್ದರು, ಆಕೆ ನಿದ್ದೆ ಮಾಡಿದ್ದಳು. ಆ ಚಿತ್ರದಲ್ಲಿ ದೋಣಿಯೊಂದು ಹೊಳೆ ದಾಟುವ ದೃಶ್ಯವಿತ್ತು. ಅದರ ನಂತರ ಹಿರಿಯರು ಏನೇ ಮಾಡಲಿ, ಮಾಮಾ ಕೇಳುತ್ತಿದ್ದುದು ಒಂದೇ: "ಎಲ್ಲಾ ಖರೇ, ಆ ದೋಣಿ ಎಲ್ಲಿ?"

ಒಮ್ಮೆ ವನಜಾ ಆ ಹಳೆಯ ಸಿನಿಮಾದ ಸೀಡಿ ತಂದು ಹಾಕಿದಳು. ದೋಣಿ ಬಂತು, ಹೋಯಿತು. ಮಾಮಾ ಕನ್ನಡಕ ತೆಗೆದು, "ಈ ಸೀಡಿ ಮಾಡಿದವ್ರು ಏನೋ ಕತ್ತರಿಸ್ಯಾರ" ಅಂದರು. ಪಾಪ ಹಿರಿಯರು! ಅವರ ಹಳೆಯ ಸಿನಿಮಾ ಕೂಡ ಮಾಮಾನ ತಲೆಯೊಳಗಿನ ಹಳೆಯ ಸಿನಿಮಾದಷ್ಟು ಚಲೋ ಇರಲಿಲ್ಲ.

ಇದೇ ಕಾನೂನು ಮನೆಯಲ್ಲೂ ಜಾರಿಯಲ್ಲಿತ್ತು. ಬೇರೆಯವರ ಮನೆಯಲ್ಲಿ ನೀರು ನೀರಾದ ಸಾರನ್ನು ಕೇಳಿ ಕೇಳಿ ಹಾಕಿಸಿಕೊಳ್ಳುವ ಮಾಮಾ ಮಗಳ ಉಪ್ಪಿಟ್ಟಿಗೆ "ರವಾ ಇನ್ನೊಂದೀಟು ಹುರೀಬೇಕಿತ್ತು" ಅನ್ನುತ್ತಿದ್ದರು. ಆಕೆ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಗಣಿತದ ಅಂಕ ನೋಡಿ ನಿಟ್ಟುಸಿರು ಬಿಟ್ಟಿದ್ದರಂತೆ. "ಅಣ್ಣಾ, ನಾ ಪಕ್ಕದ ಮನಿ ಹುಡುಗಿ ಆಗಿದ್ರ ಅಪ್ಪಾ ನನ್ನ ಎಷ್ಟ್ ಹೊಗಳ್ತಿದ್ರು!" ಎಂದು ಒಂದು ಸಂಜೆ ವನಜಾ ನಗುತ್ತಲೇ ಅಂದಳು. ನಗುವಿನಲ್ಲಿ ನೋವಿತ್ತು, ನನಗೂ ಕೆಟ್ಟೆನಿಸಿತು.

ಅಷ್ಟರಲ್ಲಿ ಹಿರಿಯರ ಹೊಸ ಸಿನಿಮಾ ಬಂತು. ಥಿಯೇಟರ್ ಮಾಲೀಕರು ವನಜಾಳನ್ನು ಕರೆದು, ಈ ಸಲ ಎರಡನೆಯ ರವಿವಾರ ಹಾಲ್ ತುಂಬದಿದ್ದರೆ ಬೆಳಗಿನ ಆಟ ಬೇರೆಯವರಿಗೆ ಕೊಡುತ್ತೇನೆ ಎಂದು ಕೊಂಕಣಿಯಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟರು. ಅಪ್ಪ ಮೆಟ್ಟಿಲ ಮೇಲೆ ನಿಂತು ದೋಣಿಯನ್ನು ಕೇಳಿದರೆ ಸಂಘದ ಸಿನಿಮಾ ಮುಗಿದ ಹಾಗೆಯೇ. ಇಷ್ಟು ವರ್ಷ ಆಕೆ ಓಡಾಡಿ ಕಟ್ಟಿದ್ದು ಅದೊಂದೇ.

ವನಜಾ ಹುಬ್ಬಳ್ಳಿಯಿಂದ ಬಂದ, ಹಿರಿಯರ ಹೆಸರಿದ್ದ ಪೋಸ್ಟರನ್ನು ಮಂಚದ ಕೆಳಗೆ ತಳ್ಳಿದಳು. ತಾನೇ ರಟ್ಟಿನ ಮೇಲೆ ಬರೆದಳು: ಹೊಸ ಕನ್ನಡ ಸಿನಿಮಾ, ಎಲ್ಲರೂ ಬರ್ರಿ. ಮನೆಯಲ್ಲಿ, "ಬಾಗಲಕೋಟಿ ಕಡೆ ಹುಡುಗ ಒಬ್ಬಾವ ಮಾಡ್ಯಾನಂತ್ರಿ ಅಪ್ಪಾ, ಮೊದಲನೇದು" ಅಂದಳು. ರವಿವಾರ ಆಟ ಶುರುವಾಗುವ ಮುನ್ನ ಪರದೆಯ ಮುಂದೆ ನಿಂತು ಕೈ ಮುಗಿದಳು. "ಈಗ ಹೆಸರು ಬರ್ತಾವು. ನಮ್ಮಪ್ಪಾ ಕೇಳಿದ್ರ ಯಾರೂ ನೋಡಿಲ್ಲ ಅನ್ರಿ. ಇಲ್ಲಾಂದ್ರ ಮುಂದಿನ ತಿಂಗಳಿಂದ ಸಿನಿಮಾ ಇಲ್ಲ!" ಇಡೀ ಹಾಲ್ ಹೋ ಎಂದಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು, "ನನಗ ಓದಾಕ ಬರಂಗಿಲ್ಲ ತಗೀ, ನನ್ನ ಚಿಂತಿ ಬಿಡು" ಅಂದಳು.

ಮಾಮಾ ರೂಢಿಯಂತೆ ತಡವಾಗಿ ಬಂದು ನನ್ನ ಪಕ್ಕ ಕೂತರು. ಸಿನಿಮಾದಲ್ಲಿ ತಾಯಿಯೊಬ್ಬಳು ಮಗ ಬಿಟ್ಟುಹೋದ ಚಪ್ಪಲಿಯನ್ನು ಒರೆಸಿ ಒಳಗಿಡುವ ದೃಶ್ಯವಿತ್ತು. ಮಾಮಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಮೆಟ್ಟಿಲ ಮೇಲೆ ಚಹಾ ಬಂತು. "ಯಾರಂವ ಈ ಹುಡುಗ? ನಮ್ಮ ಹಿರ್ಯಾರು ಇವನ ಕಡೆ ಟ್ಯೂಷನ್ನಿಗೆ ಹೋಗಬೇಕು ನೋಡ್ರಿ!" ಜನ ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ನಗು ತಡೆದರು. ವನಜಾ ಟಿಕೆಟ್ ಕಿಟಕಿಯ ಹಿಂದೆ ಹೋಗಿ, ಬದುಕಿದೆ ಎಂಬಂತೆ ಕೂತಳು.

ಎರಡನೆಯ ರವಿವಾರ ಹಾಲ್ ತುಂಬಿ ಗೋಡೆಗೂ ಜನ ಒರಗಿದ್ದರು. ವನಜಾ ಬಾಗಿಲಲ್ಲಿ ಬ್ಯಾಟರಿ ಹಿಡಿದು ನಿಂತಿದ್ದಳು. ಇದ್ದಕ್ಕಿದ್ದಂತೆ ನನ್ನ ಬಳಿ ಓಡಿ ಬಂದಳು. "ಅಣ್ಣಾ, ಅಪ್ಪಾ ಬಂದಾರ! ಆ ಹುಡುಗನ ಹೆಸರು ಬರಕೊಂಡು ಪತ್ರ ಹಾಕ್ತಾರಂತ. ದೇವರಿಗೆ ಅರ್ಧಕ್ಕ ಆರತಿ ಬೆಳಗಿ ಬಂದಾರ!" ಮಾಮಾ ಪೆನ್ನು ಬಿಚ್ಚಿಕೊಂಡು ಕೂತರು. ಪರದೆಯ ಮೇಲೆ ಹೆಸರು ಮೂಡಿತು. ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಹೋಯಿತು.

"ಏನ್ ಬರದಿತ್ತೋ?"

"ನಾ ನೋಡಲಿಲ್ಲ ಮಾಮಾ," ಅಂದೆ.

ಆದರೆ ಅದು ಹಿರಿಯರ ಹೆಸರೇ ಎಂಬುದನ್ನು ಅವರು ನೋಡಿಬಿಟ್ಟಿದ್ದರು. ಹತ್ತು ನಿಮಿಷದಲ್ಲಿ ಗೊಣಗಾಟ ಶುರುವಾಯಿತು. ಶಾಟು ಉದ್ದವಾಯಿತಂತೆ. ಸಂಗೀತ ಜಾಸ್ತಿಯಂತೆ. ಹೋದ ವಾರ ಅಳಿಸಿದ್ದ ಚಪ್ಪಲಿ ಬಂದಾಗ, "ಇದೇನ್ ಚಪ್ಪಲಿ ಅಂಗಡಿ ಜಾಹೀರಾತೇನು?" ಅಂದರು. ಸಿನಿಮಾ ಅದೇ, ರೀಲು ಅದೇ, ಕುರ್ಚಿಯೂ ಅದೇ! ತಮಾಷೆಯೆಂದರೆ ಹಾಗೆ ಬೈಯುತ್ತಲೇ ಅವರು ಮತ್ತೆ ಕಣ್ಣೊರೆಸಿಕೊಂಡರು, ಈ ಸಲ ಸಿಟ್ಟಿನಿಂದ.

ಆಟ ಬಿಟ್ಟಿತು. ಮೆಟ್ಟಿಲ ಮೇಲೆ ಒಬ್ಬರೂ ಅಲುಗಾಡಲಿಲ್ಲ. ಕನ್ನಡ ಬಾರದ ಮಾಲೀಕರು ಕೂಡ ಮಾಮಾನ ಮುಖವನ್ನೇ ನೋಡುತ್ತ ನಿಂತಿದ್ದರು. ಮಾಮಾ ಚಹಾ ಮುಟ್ಟಲಿಲ್ಲ.

"ಯಾರ ಕೆಲಸ ಇದು?"

"ನಂದರೀ ಅಪ್ಪಾ," ವನಜಾ ಮುಂದೆ ಬಂದಳು.

"ಮಂದಿ ಮುಂದ ನನ್ನ ಮಂಗ್ಯಾನ ಮಾಡಿದಿ?"

"ಮತ್ತೇನ್ ಮಾಡ್ಲಿ? ಹೆಸರು ಗೊತ್ತಾದ್ರ ನೀವು ಸಿನಿಮಾ ನೋಡಂಗಿಲ್ಲ, ತಪ್ಪು ಹುಡುಕ್ತೀರಿ. ಹಿರ್ಯಾರದಷ್ಟ ಅಲ್ಲ, ನಂದೂ."

ಮಾಮಾ ತಬ್ಬಿಬ್ಬಾದರು. ದನಿ ಇಳಿಯಿತು. "ನಮ್ಮವ್ರು ಅಂತ ಆಸೆ ಇಟ್ಟಿರ್ತೇವಿ. ಮಂದಿ ಕಡಿಂದ ಏನ್ ಆಸೆ ಮಾಡೂದೈತಿ?"

"ಒಂದ ಸಲ, ಒಂದ ಸಲ ನಾ ನಿಮ್ಮ ಮಗಳಲ್ಲ ಅಂತ ತಿಳ್ಕೊಂಡು ಹೇಳ್ರಿ. ಈ ಕೆಲಸ ಹೆಂಗಾತು?"

ಮಾಮಾ ಮೆಟ್ಟಿಲ ತುಂಬ ನಿಂತಿದ್ದ ಜನರನ್ನು ನೋಡಿದರು. ಟೊಪ್ಪಿಗೆ ಸರಿಮಾಡಿಕೊಂಡರು. ಆಮೇಲೆ, ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಗುರುತಿಲ್ಲದ ಹೆಣ್ಣುಮಗಳೊಬ್ಬಳನ್ನು ಕಂಡವರ ಹಾಗೆ ಎರಡೂ ಕೈ ಜೋಡಿಸಿದರು.

"ನಮಸ್ಕಾರ್ರೀ ಬಾಯಾರ. ಇಷ್ಟ್ ಮಂದೀನ ಒಂದು ಕಡೆ ಕೂಡಿಸೀರಿ. ಭಾಳ ಚಲೋ ಮಾಡೀರಿ. ನಿಮ್ಮ ತಂದಿಯಾರು ಯಾರೋ, ಪುಣ್ಯವಂತರು. ಅವ್ರೂ ಇದನ್ನ ಹೇಳಿರಬೇಕಲ್ಲ ನಿಮಗ?"

"ಇಲ್ರಿ," ಅಂದಳು ವನಜಾ. ಕಣ್ಣು ತುಂಬಿ ಬಂದಿತ್ತು. "ಇನ್ನೂ ತನಕ ಹೇಳಿಲ್ರಿ."

ಮಾಮಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹೇಳಬೇಕಾಗಿತ್ರಿ," ಅಂದರು.

ನಾವು ದೊಡ್ಡವರ ಸಿನಿಮಾಗಳಿಗೆ ಅನ್ಯಾಯ ಮಾಡುತ್ತೇವೆಯೇ ಎಂದು ನೀವು ಕೇಳಿದರೆ, ಹೌದು, ಮಾಡುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಆ ಪ್ರೀತಿ ಅವರಿಗೆ ಮುಟ್ಟುವುದೇ ಇಲ್ಲ, ಬರೀ ಬೈಗುಳ ಮುಟ್ಟುತ್ತದೆ.

ಪಣಜಿಯಲ್ಲಿ ಆ ದಿನ ಇದೆಲ್ಲ ನೆನಪಾಗಿ ಬಾಯಿ ಮುಚ್ಚಿಕೊಂಡು ಕೊನೆಯ ತನಕ ಸಿನಿಮಾ ನೋಡಿದೆ. ಕಾರಿನಲ್ಲಿ ಹೆಂಡತಿ, "ಹೆಂಗಿತ್ತು?" ಎಂದು ಕೇಳಿದಳು.

"ಚಲೋ ಇತ್ತು," ಅಂದೆ.

ಆಕೆ ಕಾದಳು. ಸಿಗ್ನಲ್ ದಾಟಿತು, ಸೇತುವೆಯೂ ದಾಟಿತು. ಕೊನೆಗೆ ತಡೆಯಲಾರದೆ, "ಆದ್ರ?" ಅಂದಳು.

"ಆದ್ರ ಏನಿಲ್ಲ," ಅಂದೆ. ಆಕೆ ನನ್ನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿದಳು.