ಪುಟ್ಟಮಾದಮ್ಮ ಮುಟ್ಟದ ಜೋಡಿ

ಭೇರ್ಯದ ಹತ್ತಿರದ ನಮ್ಮ ಹಳ್ಳಿಯಲ್ಲಿ ಪುಟ್ಟಮಾದಮ್ಮನನ್ನು ಕಂಡರೆ ನನಗಾಗುತ್ತಿರಲಿಲ್ಲ. ಹಳೇ ಈಶ್ವರನ ಗುಡಿಯ ಹೊರಗೋಡೆ ತೊಳೆಯುವುದು ಅವಳ ಕೆಲಸ. ಮೂವತ್ತೈದರ ವಿಧವೆ, ಒಬ್ಬಳೇ ಮಗಳನ್ನು ಸರಗೂರಿಗೆ ಕೊಟ್ಟಿದ್ದಳು. ತೆಂಗಿನ ನಾರಿನಲ್ಲಿ ಕಲ್ಲಿನ ಹೆಣ್ಣುಗಳ ಮೈ ಉಜ್ಜುತ್ತಾ, ಪಕ್ಕದ ಕಲ್ಲಿನ ಗಂಡಸಿಗೆ, "ಏನ್ಲಾ, ಇನ್ನೂ ಬುಟ್ಟಿಲ್ವಾ ಅವ್ಳ?" ಎಂದು ನಗುವಳು. ಮೈಸೂರಿನಲ್ಲಿ ಓದಿದ ನಾನು ಆ ಬೆತ್ತಲೆ ಬೊಂಬೆಗಳ ಗೋಡೆಯತ್ತ ತಲೆಯೆತ್ತಿದವಳಲ್ಲ.

ಅರವತ್ತೆಂಟನೇ ಇಸವಿಯಲ್ಲಿ ಬಾಣಂತನ ಮುಗಿಸಿ, ಐದು ತಿಂಗಳ ಮಗಳನ್ನೆತ್ತಿಕೊಂಡು ತವರಿನಿಂದ ಬಂದೆ. ನಮ್ಮ ಯಜಮಾನರು, ಶಿವನಂಜಪ್ಪ ಮೇಷ್ಟ್ರು, ಜಗಲಿಯಲ್ಲೇ ಮಲಗತೊಡಗಿದರು. ವಾರವಾಯಿತು, ತಿಂಗಳಾಯಿತು. ಮಗು ಸೀನಿದರೂ ಎದೆ ಹಿಡಿದುಕೊಳ್ಳುವ ನನಗೆ ಇದೊಂದು ಬೇರೆ ಚಿಂತೆ. ಹೊಟ್ಟೆ ಜೋತುಬಿದ್ದಿತ್ತು, ಕೂದಲು ಉದುರುತ್ತಿತ್ತು. ಅವರೋ ಭಾನುವಾರ ಬಂತೆಂದರೆ ಡ್ರಾಯಿಂಗ್ ಪುಸ್ತಕ ಹಿಡಿದು ಗುಡಿಗೆ. ಅವಳು ಪಾಚಿ ಕೆರೆಯುವುದು, ಇವರು ಆ ಬೊಂಬೆಗಳನ್ನು ಬರೆಯುವುದು, ಇಬ್ಬರೂ ನಗುವುದು. ಬಾವಿಕಟ್ಟೆಯಿಂದ ಎಲ್ಲ ಕಾಣುತ್ತಿತ್ತು.

ಒಂದು ಭಾನುವಾರ ಅವರಿಗಿಂತ ಮೊದಲೇ ಮಗುವಿನೊಡನೆ ಅಲ್ಲಿಗೆ ಹೋದೆ.

"ನಮ್ಮ ಯಜಮಾನರ ಜೊತೆ ನಿಂಗೇನು ನಗು?" ಎಂದೆ.

ಅವಳು ನಾರು ಕೆಳಗಿಟ್ಟಳು. "ಅಮ್ಮಾವ್ರೆ, ನೀವು ಜೋಡಿಗೆ ಎಣ್ಣೆ ಅಚ್ಚೋಕೇ ಬರ್ನಿಲ್ಲ. ಅವ್ರು ಜಗಲಿ ಬುಡೋದೆಂಗೆ?"

ಬಾಣಂತನ ಮುಗಿಸಿ ಬಂದವಳು ಗೋಡೆಯ ಮೂಲೆಯಲ್ಲಿ ತಬ್ಬಿ ನಿಂತ ಬೆತ್ತಲೆ ಜೋಡಿಗೆ ಹರಳೆಣ್ಣೆ ಹಚ್ಚಬೇಕು. ಆಮೇಲೇ ಗಂಡ ಕೋಣೆಗೆ ಬರುವುದು. ಊರಿಗೆಲ್ಲ ಗೊತ್ತಿದ್ದ ಈ ಪದ್ಧತಿಯನ್ನು ನನಗೆ ಬಿಡಿಸಿ ಹೇಳಿದವಳು ಅವಳೇ. ಓದಿದವಳು, ಒಲ್ಲೆ ಅಂದಾಳು ಎಂದು ಅತ್ತೆ ನನಗೆ ಹೇಳಿರಲಿಲ್ಲವಂತೆ. ಇವರಿಗೆ ಅಮ್ಮನ ಮಾತು ಮೀರಲೂ ಆಗದು, ನನ್ನ ಹತ್ತಿರ ಬಾಯಿಬಿಡಲೂ ನಾಚಿಕೆ.

"ಮತ್ತೆ ಆ ನಗು?"

"ನಿಮ್ಮೆಂಡ್ರು ಎಣ್ಣೆ ಅಚ್ಚೋಕೆ ಯಾವಾಗ ಬತ್ತಾರೆ ಮೇಷ್ಟ್ರೇ ಅಂತೀನಿ. ಮೊಕ ಕೆಂಪಗಾಯ್ತದೆ. ನಗದೆ ಏನ್ಮಾಡ್ಲಿ?"

ಗುಡಿಯ ಎಣ್ಣೆ ಬಟ್ಟಲನ್ನು ನನ್ನ ಕೈಗಿತ್ತು, ಮಗುವನ್ನು ತೆಗೆದುಕೊಂಡಳು. ಸುತ್ತಲ ಬೊಂಬೆಗಳೆಲ್ಲ ತೊಳೆದು ಮಿರುಗುತ್ತಿದ್ದವು. ಆ ಜೋಡಿಯ ಕಾಲಲ್ಲಿ ಮಾತ್ರ ಪಾಚಿ.

"ಇದನ್ಯಾಕೆ ತೊಳೆದಿಲ್ಲ?"

"ಗಂಡ ಸತ್ತೋಳು ಮುಟ್ಟಂಗಿಲ್ಲ ಕಣ್ರವ್ವ. ನಾನೂ ಕೂಸು ಎತ್ಕೊಂಡು ತವರಿಂದ ಬರೋಕೆ ಒಂಟು ನಿಂತಿದ್ದೆ. ಅವತ್ತೇ ನಮ್ಮೋರು ತೀರೋಗ್ಬುಟ್ರು."

ಎಣ್ಣೆ ಹಚ್ಚುತ್ತಾ ಹಚ್ಚುತ್ತಾ ತಿರುಗಿ ನೋಡಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಆ ನೋಟ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಿಂಗಳಿಡೀ ಬಾವಿಕಟ್ಟೆಯಿಂದ ನಾನು ಅವಳನ್ನು ನೋಡಿದ್ದೂ ಹಾಗೆಯೇ. ಪಾಪ ಎನಿಸಿತು. ಆದರೂ ಬೇಗ ಮುಗಿಸಿ, ಕಿತ್ತುಕೊಳ್ಳುವಂತೆ ಮಗುವನ್ನು ಈಸಿಕೊಂಡೆ.

ಯಜಮಾನರು ಪುಸ್ತಕ ಹಿಡಿದು ಬರುತ್ತಿದ್ದರು. ದಾರಿಯಲ್ಲೇ ಅಡ್ಡನಿಂತು, "ಇವತ್ತು ಬರೆಯೋದು ಬೇಡ, ಮನೆಗೆ ನಡೀರಿ," ಎಂದೆ.