ಕಾಲು ಮುಂದಾಗಿ ಬರುವ ಸೈಕಲ್ಲು

ಧಾರವಾಡದಲ್ಲಿ ಎಂ.ಎ. ಮುಗಿಸಿ ಯಲಬುರ್ಗಾಕ್ಕೆ ಮರಳಿದ ವರ್ಷ, ಎಂಬತ್ತರ ದಶಕದ ಆರಂಭದಲ್ಲಿ, ಹತ್ತಿರದ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕಿತು. ಬಸ್ಸು ಆ ಹಳ್ಳಿ ಮುಟ್ಟುವಷ್ಟರಲ್ಲಿ ಮೊದಲ ತಾಸು ಮುಗಿದಿರುತ್ತಿತ್ತು. ಸೈಕಲ್ ತುಳಿಯಲು ಬರುತ್ತಿತ್ತು. ಆದರೆ ಹಿಂದಿನ ಬೇಸಿಗೆಯಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದವಳಿಗೆ ಸೀಟಿನ ಮೇಲೆ ಕೂಡಲು ಆಗುತ್ತಿರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

“ದೀಪಾವಳಿ ಸೂಟಿ ತನಕ ನೋಡ್ತೀನ್ರಿ ಅಕ್ಕೋರ,” ಎಂದರು ಹೆಡ್‌ಮಾಸ್ತರರು. “ಆಮ್ಯಾಲೂ ತಡಾ ಆದ್ರ ಬ್ಯಾರೇದವರನ್ನ ಹುಡುಕಬೇಕಾಗ್ತೈತಿ.”

ನನಗೆ ಆ ಕೆಲಸ ಬೇಕಿತ್ತು. ಕೆಲಸ ಹೋದರೆ ಮನೆಯಲ್ಲಿ ಯಾವ ಮಾತು ಶುರುವಾಗುತ್ತದೆ ಎಂಬುದು ಅವ್ವನ ಮುಖ ನೋಡಿದರೇ ತಿಳಿಯುತ್ತಿತ್ತು.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ವಿದೇಶಿ ಪತ್ರಿಕೆಯೊಂದರಲ್ಲಿ ನೋಡಿದ್ದ ಚಿತ್ರ ನೆನಪಿತ್ತು. ಆರಾಮ ಕುರ್ಚಿಯಲ್ಲಿ ಒರಗಿದಂತೆ ಕುಳಿತು, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ಲು. ಪೆಡಲು, ಚೈನು ಎಲ್ಲವೂ ಮುಂದಿನ ಗಾಲಿಗೇ. ಸೈಕಲ್ ಅಂಗಡಿಯ ಚಾಚಾರ ಮುಂದೆ ಅದನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದೆ.

“ಇದು ಸೈಕಲ್ ಅಲ್ರಿ ಅಕ್ಕೋರ, ದವಾಖಾನಿ ಮಂಚ!” ಎಂದರು ಚಾಚಾ. ಆದರೂ ಮರುದಿನ ಹೋದಾಗ ಎರಡು ಹಳೆಯ ಸೈಕಲ್ಲುಗಳನ್ನು ಕೊಯ್ದು ಹಾಕಿದ್ದರು. ಒಂದರ ಹಿಂಭಾಗವನ್ನು ಗಾಲಿ, ಚೈನು, ಪೆಡಲು ಸಮೇತ ತಿರುಗಿಸಿ, ಹ್ಯಾಂಡಲಿನ ಜೊತೆ ಪೆಡಲೂ ಹೊರಳುವಂತೆ ಇನ್ನೊಂದರ ಮುಂದಕ್ಕೆ ಬೆಸುಗೆ ಹಾಕಿಸಿದರು. ಮಂಚದ ನವಾರಿನಿಂದ ಸೀಟು ಹೆಣೆದವಳು ನಾನು.

ಮೊದಲು ಸೀಟು ತೀರ ಹಿಂದಾಯಿತು. ಭಾರ ಬೀಳದೆ ಮುಂದಿನ ಗಾಲಿ ಮಣ್ಣಿನಲ್ಲಿ ನಿಂತಲ್ಲೇ ಗರಗರ ತಿರುಗಿತು. ಸೀಟನ್ನು ಮುಂದೆ ತಂದರೆ ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಹ್ಯಾಂಡಲನ್ನು ಎತ್ತರಿಸಿದೆವು. ಆಮೇಲೆ ಇನ್ನೊಂದು ಪಾಠ. ಬಲಗಾಲು ಒತ್ತಿದರೆ ಸೈಕಲ್ಲು ಎಡಕ್ಕೆ ಹೊರಳುತ್ತದೆ, ಎಡಗಾಲು ಒತ್ತಿದರೆ ಬಲಕ್ಕೆ. ಒತ್ತಿದ ಕಾಲಿನ ಕಡೆಯ ಕೈಯಿಂದಲೇ ಹ್ಯಾಂಡಲನ್ನು ಮೆಲ್ಲಗೆ ಎಳೆದು ಹಿಡಿಯಬೇಕು. ಇದು ತಿಳಿಯುವವರೆಗೆ ಖಾಲಿ ಸಂತೆಬಯಲಿನಲ್ಲಿ ಹಾವಿನಂತೆ ಹರಿದಾಡಿದೆ.

“ಎಮ್ಮಿ ಕಡೆ ಹೋಗಬ್ಯಾಡ್ರಿ!” ಎಂದು ಚಾಚಾ ಕೂಗುತ್ತಿದ್ದರು. “ಅದಕ್ಕೇನ್ ಗೊತ್ತು ನೀವು ಕಲಿಯಾಕತ್ತೀರಂತ!”

ಕೊನೆಗೊಂದು ಮುಂಜಾನೆ, ಹೊಲಕ್ಕೆ ಹೋಗುವ ಹೆಂಗಸರಂತೆ ಸೀರೆಗೆ ಕಚ್ಚೆ ಹಾಕಿ ಹೊರಟೆ. ಬೆನ್ನು ನೋಯಲಿಲ್ಲ. ಆಕಾಶವೆಲ್ಲ ಕಣ್ಣೆದುರಿಗೆ. ಪ್ರಾರ್ಥನೆಯ ಗಂಟೆ ಬಾರಿಸುವ ಮೊದಲೇ ಶಾಲೆ ಮುಟ್ಟಿದೆ.

ಮಧ್ಯಾಹ್ನ ಹೆಡ್‌ಮಾಸ್ತರರು ನಗು ತಡೆದುಕೊಂಡು ಕರೆದರು. ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಕೂಡುವ ಹಿರಿಯರಿಗೆ ಸಿಟ್ಟು ಬಂದಿತ್ತು. ಅವರೆದುರು ಗಂಡಸರೂ ಸೈಕಲ್ಲಿನಿಂದ ಇಳಿದೇ ಹೋಗುತ್ತಿದ್ದರು. ನಾನೂ ಇಳಿದಿದ್ದೆ.

“ಇಳಿದ್ರೇನಾತು?” ಎಂದಿದ್ದರಂತೆ ಶಾಲಾ ಕಮಿಟಿಯ ಗೌಡರು. “ಒಂದ್ ಮೈಲಿನಿಂದ ನಮಗ ಅಂಗಾಲು ತೋರಿಸ್ಕೋತ ಬಂದಿರ್ತಾರಲ್ಲ!”

ಮಾತು ನಿಜವೇ. ಎರೆಹೊಲದ ನಡುವಿನ ರಸ್ತೆ ನೆಟ್ಟಗೆ ಅಗಸಿಗೇ ಬರುತ್ತಿತ್ತು, ಮರೆಗೆ ಒಂದು ಗಿಡವಿರಲಿಲ್ಲ. ಆದರೆ ಕಮಿಟಿಯವರ ಮಾತು ಮೀರಿದರೆ ಕೆಲಸ ಉಳಿಯದು, ಸೈಕಲ್ಲು ಬಿಟ್ಟು ಬಸ್ಸು ಹಿಡಿದರೂ ಉಳಿಯದು.

ಚಾಚಾ ಎಣ್ಣೆ ಡಬ್ಬಿಯೊಂದನ್ನು ಬಿಚ್ಚಿ ತಗಡು ಮಾಡಿ, ಪಾದ ಕಾಣದಂತೆ ಪೆಡಲುಗಳ ಮುಂದೆ ಕಟ್ಟಿದರು. ಮರುದಿನ ಅಗಸಿ ಹತ್ತಿರವಾಗುವ ಹೊತ್ತಿಗೆ ಗಾಳಿ ಎದ್ದಿತು. ತಗಡಿಗೆ ಬಡಿದ ಗಾಳಿ ಹ್ಯಾಂಡಲನ್ನೇ ತಿರುವಿತು. ನಾನು ಸೈಕಲ್ಲಿನ ಸಮೇತ ಮೊಳದುದ್ದದ ಬಿಳಿಜೋಳದೊಳಗೆ ಹೋಗಿ ಮಲಗಿದೆ. ಕಟ್ಟೆಯಿಂದ ಗೌಡರು ಧೋತರ ಎತ್ತಿಕೊಂಡು ಓಡಿಬಂದರು.

“ಪೆಟ್ಟಾತೇನ್ರಿ ಅಕ್ಕೋರ?”

“ಇಲ್ರಿ. ನಿಮ್ಮ ಜ್ವಾಳ ಮುರೀತ್ರಿ.”

“ಜ್ವಾಳ ಹೋಗ್ಲಿ. ಈ ತಗಡ್ಯಾಕ ಕಟ್ಟೀರಿ?”

“ಕಾಲು ಕಾಣಬಾರದಂತ್ರಿ.”

ಗೌಡರು ನನ್ನನ್ನೂ ತಗಡನ್ನೂ ಒಮ್ಮೆ ನೋಡಿದರು. ಮೀಸೆಯಲ್ಲಿ ಏನೋ ಅಲುಗಿತು. “ಬಿಚ್ಚಿ ಒಗೀರಿ ಇದನ್ನ. ನಾಳೆ ಹಂಗ ಬರ್ರಿ, ನಾ ನೋಡ್ಕೋತೀನಿ,” ಎಂದರು.

ಮರುದಿನ ಅಂಜುತ್ತಲೇ ಹೋದೆ. ದೂರದಿಂದಲೇ ಕಟ್ಟೆಯ ಮೇಲೆ ಬಿಳಿ ರುಮಾಲುಗಳು ಸಾಲಾಗಿ ಕಂಡವು. ಮುಖಗಳು ಮಾತ್ರ ಕಾಣಲಿಲ್ಲ. ಹಿರಿಯರೆಲ್ಲ ರಸ್ತೆಗೆ ಬೆನ್ನು ಮಾಡಿ, ಊರ ಕಡೆ ಮುಖ ಹಾಕಿ ಕುಳಿತಿದ್ದರು. ನಾನು ಇಳಿದು ಸೈಕಲ್ಲು ನೂಕುತ್ತ ಹತ್ತಿರ ಬಂದೆ.

“ಬಂದ್ರೇನ್ರಿ ಅಕ್ಕೋರ?” ಗೌಡರು ತಿರುಗದೆ ಕೇಳಿದರು.

“ಬಂದೆ ರೀ. ಇಳಿದೀನ್ರಿ.”

ಆಗ ಎಲ್ಲರೂ ಈ ಕಡೆ ಹೊರಳಿದರು. ನಾನು ನಮಸ್ಕಾರ ಮಾಡಿದೆ.

ಅಂದಿನಿಂದ ಅದೇ ರೂಢಿಯಾಯಿತು. ಕೆಲಸವೂ ಉಳಿಯಿತು. ದೀಪಾವಳಿ ಸೂಟಿ ಮುಗಿದ ಮೇಲೊಂದು ದಿನ ಗಾಳಿ ನನ್ನ ಕಡೆಗೆ ಬೀಸುತ್ತಿದ್ದಾಗ, ಇನ್ನೂ ದೂರವಿರುವಾಗಲೇ ಕಟ್ಟೆಯ ಮಾತು ತೇಲಿಬಂತು. “ಏ, ಹೊಳ್ಳಿ ನೋಡಬ್ಯಾಡೋ ಮುದುಕಾ! ಅಕ್ಕೋರು ಇನ್ನಾ ಇಳಿದಿಲ್ಲ!”